ಕಾಣಿಕೆಯಲ್ಲಿ ಕಾಣುವವರು ಯಾರು? ಶ್ರೀರಂಗಪಟ್ಟಣದ ಎರಡು ಪಾಠಗಳ ಓದು

ಭಾನುವಾರದ ಆರಾಧನೆಯಲ್ಲಿ ಅತಿ ಹೆಚ್ಚು ಕೇಳಿಬಂದು ಅತಿ ಕಡಿಮೆ ವಿಚಾರಕ್ಕೊಳಗಾಗುವ ಪದಗಳಲ್ಲಿ ‘ಕಾಣಿಕೆ’ಯೂ ಒಂದು. ಯಜ್ಞ, ಹೋಮ, ಬಲಿ, ಪ್ರಾಯಶ್ಚಿತ್ತ ಎಂಬ ಮಾತುಗಳನ್ನು ನಮ್ಮ ಸೆಮಿನರಿಗಳಲ್ಲಿ ವಾರಗಟ್ಟಲೆ ಬೋಧಿಸುತ್ತೇವೆ. ಯಾಜಕಕಾಂಡದ ಮೊದಲ ಏಳು ಅಧ್ಯಾಯಗಳನ್ನು ವಿಭಾಗಿಸಿ ಪರೀಕ್ಷೆಗೆ ಬರೆಯಿಸುತ್ತೇವೆ. ಕಾಣಿಕೆಯಾದರೋ, ಚೀಲವು ಸಾಲಿನಿಂದ ಸಾಲಿಗೆ ಸಾಗುವಾಗ ಹಾಡುವ ಗೀತೆಯ ಹೆಸರಾಗಿ, ವಾರ್ಷಿಕ ಲೆಕ್ಕಪತ್ರದ ಒಂದು ಬಾಬಾಗಿ ಉಳಿದುಬಿಟ್ಟಿದೆ. ಎಲ್ಲರಿಗೂ ಗೊತ್ತಿರುವ ಪದವೆಂಬ ಕಾರಣಕ್ಕೇ ಅದು ನಮ್ಮ ವಿಮರ್ಶೆಯಿಂದ ತಪ್ಪಿಸಿಕೊಂಡಿದೆ.

ಈ ಪದವನ್ನು ಶ್ರೀರಂಗಪಟ್ಟಣಕ್ಕೆ ಸೇರಿದ ಎರಡು ಪಾಠಗಳ ಮೂಲಕ ಓದಲು ಇಲ್ಲಿ ಯತ್ನಿಸುತ್ತೇವೆ. ಒಂದು, 1610ರಲ್ಲಿ ಆ ದ್ವೀಪದುರ್ಗವು ರಾಜ ಒಡೆಯರ ವಶವಾದುದರ ಸುತ್ತ ಬೆಳೆದ ಅಲಮೇಲಮ್ಮನ ಐತಿಹ್ಯ. ಇನ್ನೊಂದು, 1799ರ ಬಳಿಕ ಅದೇ ಊರನ್ನು ಕೇಂದ್ರವಾಗಿಸಿಕೊಂಡು ದುಡಿದ ಫ್ರೆಂಚ್ ಕಥೋಲಿಕ ಗುರು ಅಬ್ಬೆ ದುಬ್ವಾ 1823ರಲ್ಲಿ ಪ್ರಕಟಿಸಿದ, ಭಾರತದಲ್ಲಿನ ಕ್ರೈಸ್ತಧರ್ಮದ ಸ್ಥಿತಿಯನ್ನು ಕುರಿತ ಪತ್ರಗಳಲ್ಲಿ ಬರುವ ಒಂದು ಸಣ್ಣ ಪ್ರಸಂಗ. ಒಂದು ಜನರ ಬಾಯಲ್ಲಿ ಬದುಕಿದ ಕಥೆ, ಇನ್ನೊಂದು ಅಚ್ಚಾದ ಪುಸ್ತಕ. ಎರಡಕ್ಕೂ ಯಾವ ಸಂಬಂಧವೂ ಮೇಲ್ನೋಟಕ್ಕೆ ಕಾಣದು. ಆದರೆ ಎರಡೂ ಒಂದೇ ಪ್ರಶ್ನೆಯ ಸುತ್ತ ಸುಳಿಯುತ್ತವೆ: ಪ್ರತ್ಯೇಕಿಸಿ ಇಟ್ಟ ವಸ್ತುವನ್ನು ಯಾರು, ಯಾರಿಗಾಗಿ, ಯಾರ ಮಾತಿನ ಮೇರೆಗೆ ವ್ಯಯಮಾಡಬಹುದು?

ಮೊದಲು ಪದ. ‘ಕಾಣ್’ ಎಂಬ ಧಾತುವಿನಿಂದ ಹುಟ್ಟಿದ ಕಾಣಿಕೆ, ದೊಡ್ಡವರನ್ನು ಕಾಣಲು ಹೋಗುವಾಗ ಕೈಯಲ್ಲಿ ಹಿಡಿದು ಹೋಗುವ ವಸ್ತು. ಬರಿಗೈಯಲ್ಲಿ ಹೋಗಬಾರದೆಂಬ ಮರ್ಯಾದೆ ನಮ್ಮಲ್ಲಿ ಇನ್ನೂ ಜೀವಂತವಾಗಿದೆ. ಹಿರಿಯರ ಮನೆಗೆ, ಬಾಣಂತಿಯ ಬಳಿಗೆ, ದೇವರ ಸನ್ನಿಧಿಗೆ ಏನಾದರೊಂದು ಹಿಡಿದೇ ಹೋಗುತ್ತೇವೆ. ಆದರೆ ಈ ಪದಕ್ಕೆ ಅರಮನೆಯ ವಾಸನೆಯೂ ಇದೆ. ‘ಕಪ್ಪಕಾಣಿಕೆ’ ಎಂಬ ಜೋಡಿಮಾತಿನಲ್ಲಿ ಸೋತವನು ಗೆದ್ದವನಿಗೆ ಒಪ್ಪಿಸುವ ಹಣವೂ ಅಡಗಿದೆ. ಮೈಸೂರಿನ ದರ್ಬಾರಿನಲ್ಲಿ ಇದಕ್ಕೇ ‘ನಜರು’ ಎನ್ನುತ್ತಿದ್ದರು. ಆ ಪದದ ಮೂಲದಲ್ಲಿರುವುದು ಹರಕೆ ಎಂಬ ಅರ್ಥ. ಅರಮನೆ ತನ್ನ ಮಾತನ್ನು ದೇವಾಲಯದಿಂದ ತಂದುಕೊಂಡಿತು, ದೇವಾಲಯ ಅರಮನೆಯಿಂದ ತಂದುಕೊಂಡಿತು. ಈ ಕೊಡುಕೊಳೆಯನ್ನು ನಮ್ಮ ಸಭೆ ಗಮನಿಸದೆಯೇ ಸ್ವೀಕರಿಸಿದೆ.

ಹೀಬ್ರೂ ಭಾಷೆಯ ವಿದ್ಯಾರ್ಥಿಗಳಿಗೆ ಇದೇನೂ ವಿಚಿತ್ರವೆನಿಸಬೇಕಾಗಿಲ್ಲ. ‘ಮಿನ್ಹಾ’ ಎಂಬ ಒಂದೇ ಪದ ಕಾಯಿನ ಹೇಬೆಲರು ತಂದ ಅರ್ಪಣೆಗೂ, ಯಾಕೋಬನು ಏಸಾವನಿಗೆ ಮುಂದಾಗಿ ಕಳುಹಿಸಿದ ಮಂದೆಗಳಿಗೂ, ಎಹೂದನು ಮೋವಾಬಿನ ಅರಸ ಎಗ್ಲೋನನಿಗೆ ಒಯ್ದ ಕಪ್ಪಕ್ಕೂ, ಯಾಜಕಕಾಂಡದ ಎರಡನೆಯ ಅಧ್ಯಾಯದ ಹಿಟ್ಟು ಎಣ್ಣೆ ಧೂಪಗಳ ಸಮರ್ಪಣೆಗೂ ಸಲ್ಲುತ್ತದೆ. ನಮ್ಮ ಸತ್ಯವೇದದ ಭಾಷಾಂತರಕಾರರು ಈ ಕೊನೆಯದನ್ನು ‘ಧಾನ್ಯನೈವೇದ್ಯ’ ಎಂದು ಕರೆದರು. ನೈವೇದ್ಯವೆಂಬುದು ಕನ್ನಡಿಗನ ಕಿವಿಗೆ ಹಿತವಾದ, ಪೂಜೆಯ ಸಂದರ್ಭಕ್ಕೆ ಒಪ್ಪುವ ಪದ. ಅದನ್ನು ಆರಿಸಿದ ಧೈರ್ಯವನ್ನು ನಾವು ಮೆಚ್ಚುತ್ತೇವೆ. ಆದರೂ ಅದರಿಂದ ಒಂದು ನಷ್ಟವಾಯಿತು. ಬಲಿಷ್ಠನ ಸಿಟ್ಟನ್ನು ಇಳಿಸಲು ಕೊಡುವುದಕ್ಕೂ ದೇವರಿಗೆ ಕೊಡುವುದಕ್ಕೂ ಮೂಲದಲ್ಲಿ ಒಂದೇ ಹೆಸರಿದೆಯೆಂಬ ಮುಜುಗರ ಕನ್ನಡ ಓದುಗನಿಗೆ ತಟ್ಟದೆ ಹೋಯಿತು. ಆ ಮುಜುಗರ ಪ್ರಯೋಜನಕಾರಿಯಾದದ್ದು. ಆದಿಕಾಂಡ 32:20ರಲ್ಲಿ ಯಾಕೋಬನ ಲೆಕ್ಕಾಚಾರ ಸ್ಪಷ್ಟವಾಗಿದೆ: ಮೊದಲು ಕಾಣಿಕೆಯಿಂದ ಅಣ್ಣನ ಮುಖವನ್ನು ‘ಮುಚ್ಚುವುದು’, ಆಮೇಲೆ ಆ ಮುಖವನ್ನು ಕಾಣುವುದು. ಅಲ್ಲಿ ಬಳಕೆಯಾದ ಕ್ರಿಯಾಪದ ಪ್ರಾಯಶ್ಚಿತ್ತಕ್ಕೆ ಬಳಕೆಯಾಗುವುದೇ. ಮರುದಿನ ಏಸಾವನು ಓಡಿಬಂದು ಅವನನ್ನು ಅಪ್ಪಿಕೊಂಡಾಗ ಲೆಕ್ಕಾಚಾರವೆಲ್ಲ ತಲೆಕೆಳಗಾಗುತ್ತದೆ. ಅಪ್ಪುಗೆ ಮೊದಲು ಬಂತು, ಕಾಣಿಕೆಯ ಮಾತು ಆಮೇಲೆ ಬಂತು. ತನಗೆ ಬೇಕಾದಷ್ಟಿದೆಯೆಂದು ಅಣ್ಣ ನಿರಾಕರಿಸಿದ ಮೇಲೆಯೇ ಯಾಕೋಬನು ಅದನ್ನು ಸ್ವೀಕರಿಸಬೇಕೆಂದು ಒತ್ತಾಯಿಸುತ್ತಾನೆ.

ವಿಮೋಚನಕಾಂಡ 23:15 ಮತ್ತು ಧರ್ಮೋಪದೇಶಕಾಂಡ 16:16ರಲ್ಲಿರುವ, ಬರಿಗೈಯಲ್ಲಿ ದೇವರ ಮುಂದೆ ಬರಬಾರದೆಂಬ ವಿಧಿಯೂ ಇಲ್ಲಿ ನೆನಪಾಗಬೇಕು. ಅಲ್ಲಿನ ಮೂಲ ವ್ಯಂಜನಗಳನ್ನು ‘ದೇವರ ಮುಖವನ್ನು ಕಾಣುವುದು’ ಎಂದು ಓದಲು ಸಾಧ್ಯ. ಸ್ವರಚಿಹ್ನೆಗಳನ್ನು ಸೇರಿಸಿದ ಮಸೋರೆಟಿಕ್ ಪರಂಪರೆ ಅದನ್ನು ‘ದೇವರಿಗೆ ಕಾಣಿಸಿಕೊಳ್ಳುವುದು’ ಎಂದು ಓದಿತು. ದೇವರನ್ನು ಮನುಷ್ಯನು ಕಂಡನೆಂದು ಹೇಳಲು ಹಿಂಜರಿದು, ಭಯಭಕ್ತಿಯಿಂದಲೇ ಹೀಗೆ ಮಾಡಿದರೆಂಬುದು ಅನೇಕ ಪಂಡಿತರ ಅಭಿಪ್ರಾಯ. ಕಾಣುವುದು, ಕಾಣಿಸಿಕೊಳ್ಳುವುದು: ನಮ್ಮ ‘ಕಾಣಿಕೆ’ಯೊಳಗೆ ಈ ಎರಡೂ ಸಾಧ್ಯತೆಗಳಿವೆ. ನಾವು ತೆತ್ತು ಕಾಣುವೆವೋ, ಅಥವಾ ತರುವಾಗ ಕಾಣಲ್ಪಡುವೆವೋ? ಇನ್ನು ಮುಂದಿನದೆಲ್ಲ ಈ ಪ್ರಶ್ನೆಯ ಮೇಲೆ ನಿಂತಿದೆ.

ಅಲಮೇಲಮ್ಮನ ಕಥೆ ಮೈಸೂರು ಮಂಡ್ಯ ಸೀಮೆಯಲ್ಲಿ ಯಾರಿಗೆ ಗೊತ್ತಿಲ್ಲ? ವಿಜಯನಗರದ ಪ್ರತಿನಿಧಿಯಾಗಿ ಶ್ರೀರಂಗಪಟ್ಟಣವನ್ನು ಆಳುತ್ತಿದ್ದ ತಿರುಮಲರಾಯನು ಕಾಯಿಲೆಯಿಂದ ತಲಕಾಡಿನಲ್ಲಿ ತೀರಿಕೊಂಡನು; ಊರು ರಾಜ ಒಡೆಯರ ಕೈಸೇರಿತು. ವಿಧವೆಯಾದ ಅಲಮೇಲಮ್ಮನ ಬಳಿ ಒಡವೆಗಳಿದ್ದವು. ಮಂಗಳವಾರ ಶುಕ್ರವಾರಗಳಂದು ರಂಗನಾಥನ ಗುಡಿಯ ದೇವಿ ರಂಗನಾಯಕಿಗೆ ಅವನ್ನು ತೊಡಿಸುವುದು ವಾಡಿಕೆಯಾಗಿತ್ತೆಂದು ಕಥೆ ಹೇಳುತ್ತದೆ. ಅವು ದೇವಿಗೆ ಸೇರಬೇಕೆಂದು ಅರಸನ ಕಡೆಯಿಂದ ಕೇಳಿಕೆ ಬಂತು. ಆಕೆ ಮುತ್ತಿನ ಮೂಗುತಿಯೊಂದನ್ನು ಕೊಟ್ಟು ಉಳಿದುದನ್ನು ಕೊಡಲೊಪ್ಪಲಿಲ್ಲ. ಸೈನಿಕರು ಬಂದಾಗ ಒಡವೆಗಳನ್ನು ಮಡಿಲಿಗೆ ಕಟ್ಟಿಕೊಂಡು ಮಾಲಂಗಿಯ ಬಳಿ ಕಾವೇರಿಯ ಮಡುವಿಗೆ ಹಾರಿದಳು. ತಲಕಾಡಿಗೆ ಮರಳು, ಮಾಲಂಗಿಗೆ ಮಡು, ಮೈಸೂರಿನ ಅರಸರಿಗೆ ಸಂತಾನಹೀನತೆ ಎಂಬ ಅವಳ ಶಾಪವನ್ನು ನಾಲ್ಕು ಶತಮಾನಗಳಿಂದ ಜನ ಹೇಳಿಕೊಂಡು ಬಂದಿದ್ದಾರೆ.

ಈ ಕಥೆಯನ್ನು ಸಾಮಾನ್ಯವಾಗಿ ಶಾಪದ ಕಡೆಯಿಂದ ಓದುತ್ತಾರೆ: ಶಾಪ ಫಲಿಸಿತೆ, ಇಲ್ಲವೆ, ಅರಮನೆಯಲ್ಲಿ ಎಷ್ಟು ತಲೆಮಾರು ದತ್ತಕವಾಯಿತು ಎಂಬ ಲೆಕ್ಕ. ಕಥೆಯ ಅತ್ಯಂತ ಬಡ ಓದು ಇದು ಎಂದು ನಮಗನ್ನಿಸುತ್ತದೆ. ಸಮರ್ಪಣೆಯ ಕಡೆಯಿಂದ ಓದಿದರೆ ಕಣ್ಣಿಗೆ ಬೀಳುವುದು ಬೇರೆಯೇ. ಆ ಒಡವೆಗಳು ದೇವಿಗೆ ಮೊದಲೇ ಸಲ್ಲುತ್ತಿದ್ದವು. ವಾರಕ್ಕೆ ಎರಡು ದಿನ ಹೋಗುತ್ತಿದ್ದವು, ಮರಳಿ ಬರುತ್ತಿದ್ದವು. ಹೋಗಿಬರುವ ಆ ಲಯವೇ ಅವುಗಳನ್ನು ಕಾಣಿಕೆಯಾಗಿಸಿತ್ತು. ಅರಸನು ಕೇಳಿದ್ದು ಅದೇ ಒಡವೆಯನ್ನು, ಅದೇ ದೇವಿಗಾಗಿ. ಆದರೆ ಕೇಳಿದ ಕ್ಷಣಕ್ಕೆ ಅದು ಕಾಣಿಕೆಯಾಗಿ ಉಳಿಯಲಿಲ್ಲ, ಕಪ್ಪವಾಯಿತು. ವಸ್ತು ಬದಲಾಗಲಿಲ್ಲ, ಸಲ್ಲುವ ದೈವ ಬದಲಾಗಲಿಲ್ಲ. ಬದಲಾದದ್ದು ಕೊಡುವವಳ ಸ್ವಾತಂತ್ರ್ಯ. ಮೂಗುತಿಯ ವಿವರ ಈ ಕಾರಣಕ್ಕೆ ಬೆಲೆಯುಳ್ಳದ್ದು. ಎಲ್ಲವನ್ನೂ ನಿರಾಕರಿಸಿದ ಹಟಮಾರಿಯೆಂದು ಕಥೆ ಅವಳನ್ನು ಚಿತ್ರಿಸುವುದಿಲ್ಲ. ಕೊಡಬಲ್ಲೆನೆಂದು ತಾನೇ ನಿರ್ಧರಿಸಿದ್ದನ್ನು ಅವಳು ಕೊಟ್ಟಳು. ನಮ್ಮ ಸೀಮೆಯಲ್ಲಿ ಮೂಗುತಿ ಮುತ್ತೈದೆತನದೊಡನೆ ಬೆಸೆದುಕೊಂಡ ಒಡವೆ. ವಿಧವೆಯೊಬ್ಬಳು ಅದನ್ನೇ ಆರಿಸಿ ಕಳುಹಿಸಿದಳೆಂಬಲ್ಲಿ ಕಥೆ ಕಟ್ಟಿದವರ ಕಿವಿ ಎಷ್ಟು ಸೂಕ್ಷ್ಮವಾಗಿತ್ತು!

ದೇವರ ಹೆಸರಿನಲ್ಲಿ ಕೇಳುವವನ ಬಗ್ಗೆ ಮಾರ್ಕನ ಸುವಾರ್ತೆಗೆ ಎರಡು ನೆನಪುಗಳಿವೆ. ಏಳನೆಯ ಅಧ್ಯಾಯದ ಕೊರ್ಬಾನ್ ಪ್ರಸಂಗದಲ್ಲಿ, ತಂದೆತಾಯಿಗಳಿಗೆ ಸಲ್ಲಬೇಕಾದುದನ್ನು ದೇವರಿಗೆ ಮೀಸಲೆಂದು ಘೋಷಿಸಿ ಅವರ ಕೈಗೆ ಸಿಗದಂತೆ ಮಾಡುವ ಮಗನಿದ್ದಾನೆ. ಹನ್ನೆರಡನೆಯ ಅಧ್ಯಾಯದಲ್ಲಿ, ಬೊಕ್ಕಸಕ್ಕೆ ಎದುರಾಗಿ ಕುಳಿತು ಯೇಸು ನೋಡುತ್ತಿದ್ದಾನೆ. ಬಡ ವಿಧವೆಯೊಬ್ಬಳು ಎರಡು ಸಣ್ಣ ನಾಣ್ಯಗಳನ್ನು ಹಾಕುತ್ತಾಳೆ. ಕಾಣಿಕೆಯ ಭಾನುವಾರ ಬಂತೆಂದರೆ ಎರಡನೆಯದನ್ನು ಓದುತ್ತೇವೆ, ಮೊದಲನೆಯದನ್ನು ಬಿಡುತ್ತೇವೆ. 1982ರಲ್ಲಿ ಕ್ಯಾಥೊಲಿಕ್ ಬಿಬ್ಲಿಕಲ್ ಕ್ವಾರ್ಟರ್ಲಿ ಪತ್ರಿಕೆಯಲ್ಲಿ ಆಡಿಸನ್ ರೈಟ್ ಈ ಅಭ್ಯಾಸಕ್ಕೆ ಬಲವಾದ ಪೆಟ್ಟು ಕೊಟ್ಟರು. ಈ ಪ್ರಸಂಗಕ್ಕೆ ಹಿಂದೆಯೇ ವಿಧವೆಯರ ಮನೆಗಳನ್ನು ನುಂಗುವ ಶಾಸ್ತ್ರಿಗಳ ಖಂಡನೆಯಿದೆ, ಮುಂದೆಯೇ ದೇವಾಲಯದಲ್ಲಿ ಕಲ್ಲಿನ ಮೇಲೆ ಕಲ್ಲು ನಿಲ್ಲದೆಂಬ ಮಾತಿದೆ. ಹಾಗಿರುವಾಗ ಯೇಸುವಿನ ಮಾತು ಹೊಗಳಿಕೆಯಲ್ಲ, ಅಳಲು ಎಂಬುದು ಅವರ ವಾದ. ಆ ವಿಧವೆ ಕೊಟ್ಟದ್ದನ್ನು ಯೇಸು ಮೆಚ್ಚಲಿಲ್ಲ, ಅವಳಿಂದ ಹಾಗೆ ಕೊಡಿಸಿಕೊಂಡ ಧರ್ಮವ್ಯವಸ್ಥೆಗಾಗಿ ಮರುಗಿದನು.

ಸಂದರ್ಭದ ವಿಷಯದಲ್ಲಿ ರೈಟ್ ಅವರ ವಾದವನ್ನು ನಾವು ಒಪ್ಪುತ್ತೇವೆ. ಆದರೆ ಅವರ ಓದಿನಲ್ಲಿ ಆ ಹೆಂಗಸು ಕೇವಲ ವಂಚಿತಳಾಗಿ ಉಳಿಯುತ್ತಾಳೆ; ಅವಳ ಕೈ, ಅವಳ ನಿರ್ಧಾರ ಮಾಯವಾಗುತ್ತವೆ. ಅಲಮೇಲಮ್ಮನನ್ನು ಪಕ್ಕದಲ್ಲಿಟ್ಟುಕೊಂಡು ಓದಿದಾಗ, ಕೊಡುವವಳೂ ದೋಚಲ್ಪಡುವವಳೂ ಒಬ್ಬಳೇ ಆಗಿರಬಲ್ಲಳೆಂಬುದು ಕಾಣುತ್ತದೆ. ಮಾರ್ಕನ ವಿಧವೆಯಲ್ಲಿಯೂ ಎರಡೂ ಇವೆ. ಅವಳನ್ನು ಹೊಗಳಿ ವ್ಯವಸ್ಥೆಯನ್ನು ಮರೆಯುವ ಬೋಧಕನೂ, ವ್ಯವಸ್ಥೆಯನ್ನು ತೆಗಳಿ ಅವಳನ್ನು ಮರೆಯುವ ಪಂಡಿತನೂ ಅವಳನ್ನು ಪೂರ್ತಿಯಾಗಿ ನೋಡುತ್ತಿಲ್ಲ. ನೋಡಿದವನು ಬೊಕ್ಕಸದ ಎದುರು ಕುಳಿತಿದ್ದವನು. (ಅಲಮೇಲಮ್ಮನ ಸಾವನ್ನು ಆದರ್ಶವಾಗಿ ಎತ್ತಿಹಿಡಿಯುವುದು ಇಲ್ಲಿ ನಮ್ಮ ಉದ್ದೇಶವಲ್ಲ. ಪ್ರಸಂಗಪೀಠದಿಂದ ಈ ಕಥೆ ಹೇಳುವವರು ಆ ಎಚ್ಚರವನ್ನು ವಹಿಸತಕ್ಕದ್ದು.)

ಕಥೆಗೆ ಒಂದು ಉತ್ತರಭಾಗವಿದೆ. ಅಲಮೇಲಮ್ಮನ ಚಿನ್ನದ ಪ್ರತಿಮೆಯನ್ನು ಮಾಡಿಸಿ ಅರಮನೆಯಲ್ಲಿ ನವರಾತ್ರಿಯ ಕಾಲಕ್ಕೆ ಪೂಜಿಸುವ ಪದ್ಧತಿ ಬೆಳೆಯಿತೆಂಬುದು ಪ್ರಸಿದ್ಧ. ಕಸಿಯಲು ಹೋದವರೇ ಅರ್ಪಿಸುವವರಾದರು. ಇದರಲ್ಲಿ ಪಶ್ಚಾತ್ತಾಪವೂ ಇರಬಹುದು, ಭಯವೂ ಇರಬಹುದು. ಪ್ರವಾದಿಗಳ ಗೋರಿಗಳನ್ನು ಅಲಂಕರಿಸುವವರನ್ನು ಕುರಿತ ಮತ್ತಾಯ 23:29ರ ಕಟುನುಡಿ ನೆನಪಿಗೆ ಬಂದರೂ, ಅದನ್ನು ಪರರ ಅರಮನೆಯ ಕಡೆಗೆ ಎಸೆಯುವ ಮುನ್ನ ನಮ್ಮ ದೇವಾಲಯಗಳ ಗೋಡೆಗಳಲ್ಲಿ ಯಾರ ಹೆಸರಿನ ಸ್ಮಾರಕಫಲಕಗಳಿವೆ, ಅವರು ಬದುಕಿದ್ದಾಗ ನಮ್ಮ ಸಭೆ ಅವರನ್ನು ಹೇಗೆ ನಡೆಸಿಕೊಂಡಿತ್ತು ಎಂದು ಓದಿಕೊಳ್ಳುವುದು ಒಳ್ಳೆಯದು.

ಇನ್ನು ಎರಡನೆಯ ಪಾಠ. ಶ್ರೀರಂಗಪಟ್ಟಣದ ಗಂಜಾಮಿನಲ್ಲಿ ಇಂದಿಗೂ ಅಬ್ಬೆ ದುಬ್ವಾ ಅವರ ಹೆಸರಿನಿಂದಲೇ ಕರೆಯಲಾಗುವ ದೇವಾಲಯವಿದೆ. ಟಿಪ್ಪುವಿನ ಪತನದ ಬಳಿಕ ಚದುರಿಹೋಗಿದ್ದ ಕಥೋಲಿಕರನ್ನು ಮತ್ತೆ ಒಟ್ಟುಗೂಡಿಸಲು ಬಂದ ಈ ಗುರು ಇಲ್ಲಿನವರಂತೆಯೇ ಉಟ್ಟು, ಇಲ್ಲಿನವರ ಆಹಾರ ಮರ್ಯಾದೆಗಳನ್ನು ಅನುಸರಿಸಿ, 1823ರಲ್ಲಿ ಭಾರತವನ್ನು ಬಿಡುವವರೆಗೂ ದುಡಿದರು. ಆ ದುಡಿಮೆಯ ಕೊನೆಗೆ ಬರೆದ ಪತ್ರಗಳಾದರೋ ನಿರಾಶೆಯಿಂದ ತುಂಬಿವೆ: ಹಿಂದೂ ಸಮಾಜವು ಕ್ರೈಸ್ತಧರ್ಮವನ್ನು ಸ್ವೀಕರಿಸುವ ಸಂಭವವಿಲ್ಲ, ಸತ್ಯವೇದದ ಭಾಷಾಂತರವನ್ನು ಕಂಡಕಂಡವರ ಕೈಗೆ ಕೊಡುವುದರಿಂದ ಹಾನಿಯೇ ಹೆಚ್ಚು. ಅದಕ್ಕೆ ಅವರು ಕೊಡುವ ಉದಾಹರಣೆಗಳಲ್ಲಿ ಒಂದು ದುಂದುಗಾರ ಮಗನ ಸಾಮ್ಯದ್ದು. ಕೊಬ್ಬಿದ ಕರುವನ್ನು ಕೊಯ್ದ ಭಾಗವನ್ನು ಅವರು ಬೋಧನೆಯಲ್ಲಿ ಹೇಳಿದಾಗ, ಸಭೆಯ ಕೆಲವರು ಬಂದು, ಅದು ಯುಕ್ತವಾಗಲಿಲ್ಲ, ಅನ್ಯರು ಕೇಳಿಸಿಕೊಂಡಿದ್ದರೆ ನಮ್ಮ ಧರ್ಮವನ್ನು ಕೀಳೆಂದುಕೊಳ್ಳುತ್ತಿದ್ದರು, ಮುಂದೆ ಹೇಳುವಾಗ ಕರುವಿನ ಬದಲು ಕುರಿಮರಿಯೆಂದು ಹೇಳಿ ಎಂದು ಸಲಹೆಕೊಟ್ಟರಂತೆ.

ದುಬ್ವಾ ಇದನ್ನು ಪೂರ್ವಗ್ರಹದ ಬಲಕ್ಕೆ ಸಾಕ್ಷಿಯಾಗಿ ಮುಂದಿಡುತ್ತಾರೆ. ಆಮೇಲೆ ಬಂದ ಮಿಷನರಿ ಲೇಖಕರು ಅವರನ್ನು ಅತಿಯಾಗಿ ರಾಜಿಮಾಡಿಕೊಂಡವರೆಂದು ದೂರಿದರು. ಎರಡೂ ಕಡೆಯವರು ವಾದವನ್ನು ಯಾವ ಪ್ರಾಣಿ ಎಂಬ ಪ್ರಶ್ನೆಗೇ ಇಳಿಸಿಬಿಟ್ಟರು. ಸಲಹೆ ಕೊಟ್ಟವರಿಗಿದ್ದ ಆತಂಕ ಜಾತಿಯದು, ಮಾನದ್ದು. ಕೇಳುವವರು ತಮ್ಮನ್ನು ಯಾರ ಸಾಲಿನಲ್ಲಿ ಕೂರಿಸುವರೋ ಎಂಬುದು. ಆ ಆತಂಕವನ್ನು ನಾವು ಲಘುವಾಗಿ ಕಾಣುವುದಿಲ್ಲ, ಆದರೆ ಅದನ್ನು ಮೆಚ್ಚುವುದೂ ಇಲ್ಲ: ‘ಕೀಳು’ ಎಂದು ಕರೆಸಿಕೊಂಡವರೂ ಅದೇ ಸಭೆಯ ನಾಳಿನ ಸದಸ್ಯರಾಗಿದ್ದರು.

ಸಾಮ್ಯದ ಹರಿತ ಮಾತ್ರ ಬೇರೆ ಕಡೆಯಿದೆ. ಲೂಕನ ಗ್ರೀಕ್ ಮೂಲದಲ್ಲಿ ಅದು ಬರೀ ಕೊಬ್ಬಿದ ಕರುವಲ್ಲ, ‘ಆ’ ಕೊಬ್ಬಿಸಿದ ಕರು; ನಿರ್ದೇಶಕ ಪದ ಎರಡು ಸಲ ಬಂದು, ಅದು ಮನೆಮಂದಿಗೆಲ್ಲ ಗೊತ್ತಿದ್ದ, ಒಂದು ದೊಡ್ಡ ದಿನಕ್ಕೆಂದು ಮೇಯಿಸುತ್ತಿದ್ದ ಪ್ರಾಣಿಯೆಂದು ಸೂಚಿಸುತ್ತದೆ. ಅದು ಹರಕೆಯದೆಂದು ಲೂಕನು ಹೇಳುವುದಿಲ್ಲ. ಆದರೂ ಪಾಂಡವಪುರದ ಕಡೆಯೋ ಕೃಷ್ಣರಾಜಪೇಟೆಯ ಕಡೆಯೋ ಇರುವ ಒಂದು ಹಳ್ಳಿಯಲ್ಲಿ ಈ ಸಾಮ್ಯವನ್ನು ಹೇಳುವವನು ಕರುವೋ ಕುರಿಯೋ ಎಂದು ತಡಕಾಡಬೇಕಾಗಿಲ್ಲ. ಹಬ್ಬಕ್ಕೆಂದು ಬಿಟ್ಟ ಮರಿ ಎಂದರೆ ಕೇಳುವವರಿಗೆ ಕೂಡಲೆ ತಿಳಿಯುತ್ತದೆ. ಅದನ್ನು ನೆಂಟರು ಬಂದರೆಂದು ಕೊಯ್ಯುವುದಿಲ್ಲ, ಕಷ್ಟ ಬಂತೆಂದು ಮಾರುವುದಿಲ್ಲ, ಅದು ಮೀಸಲು. ಆ ಮೀಸಲನ್ನು ಅಪ್ಪನು, ಆಸ್ತಿ ಹಾಳುಮಾಡಿ ಬಂದ ಮಗನಿಗಾಗಿ, ಯಾರನ್ನೂ ಕೇಳದೆ ಕೊಯ್ಸಿಬಿಟ್ಟನು. ಹಿರಿಯ ಮಗನ ಸಿಟ್ಟು ಆಗ ಅರ್ಥವಾಗುತ್ತದೆ. ಮರಳಿ ಬಂದ ಮಗನ ಕೈಯಲ್ಲಿದ್ದ ಒಂದೇ ಕಾಣಿಕೆಯೆಂದರೆ ಕೂಲಿಯಾಳಾಗಿ ದುಡಿಯುವೆನೆಂಬ ಕರಾರು; ಅದನ್ನು ಅವನು ಪೂರ್ತಿಯಾಗಿ ಹೇಳಿ ಮುಗಿಸಲೂ ಅಪ್ಪ ಬಿಡಲಿಲ್ಲ. ಅವನು ಇನ್ನೂ ದೂರದಲ್ಲಿದ್ದಾಗಲೇ ಅಪ್ಪ ಅವನನ್ನು ಕಂಡಿದ್ದನೆಂದು ಲೂಕನು ಮರೆಯದೆ ಬರೆದಿದ್ದಾನೆ. ಬರಿಗೈಯಲ್ಲಿ ಬಂದವನೇ ಕಾಣಲ್ಪಟ್ಟನು. ಮಾಂಸದ ಹೆಸರನ್ನು ಬದಲಿಸಿದರೆ ಈ ಎಡವುಗಲ್ಲು ಕದಲುವುದಿಲ್ಲ. ದುಬ್ವಾ ಅದರತ್ತ ಗಮನಹರಿಸಿದ್ದರೆ ಅವರ ಪತ್ರಗಳಲ್ಲಿ ಇನ್ನೂ ಗಂಭೀರವಾದ ನಿರಾಶೆಯೋ, ಇನ್ನೂ ಗಂಭೀರವಾದ ನಿರೀಕ್ಷೆಯೋ ಇರುತ್ತಿತ್ತು.

ನಮ್ಮ ಹಳ್ಳಿಗಳ ದಿನನಿತ್ಯದಲ್ಲಿ ‘ಕಾಣಿಕೆ’ಗಿಂತ ನೆಲಕ್ಕೆ ಹತ್ತಿರವಾದ ಪದಗಳೂ ಇವೆ. ಬಟ್ಟೆಯಲ್ಲಿ ಕಟ್ಟಿ ತೆಗೆದಿಟ್ಟ ಮುಡಿಪು, ಹಿರಿಯರಿಗೆ ಬಡಿಸುವ ಎಡೆ, ದೇವತೆಗೆ ಹೊತ್ತೊಯ್ಯುವ ತಂಬಿಟ್ಟು. ಎಡೆಯ ಅನ್ನ ಹಿರಿಯರ ಪಾಲಾಗಿ ಕೊನೆಗೆ ಮನೆಯವರೂ ನೆರೆಯವರೂ ಉಣ್ಣುವ ಊಟವಾಗುತ್ತದೆ. ಹಸು ಕರುಹಾಕಿದಾಗಿನ ಗಿಣ್ಣುಹಾಲನ್ನು ಮಾರದೆ ಅಕ್ಕಪಕ್ಕದವರಿಗೆ ಹಂಚುವ ಮರ್ಯಾದೆ ಎಷ್ಟೋ ಮನೆಗಳಲ್ಲಿದೆ. ಪಾತ್ರೆಯನ್ನು ಹಿಂದಿರುಗಿಸುವವಳು ಅದನ್ನು ಬರಿದಾಗಿ ಕಳುಹಿಸುವುದಿಲ್ಲ. ಇವೆಲ್ಲವುಗಳಲ್ಲಿ ಕೊಟ್ಟದ್ದು ಒಂದು ಕಡೆ ಹೋಗಿ ನಿಲ್ಲದೆ ಸುತ್ತಿ ಬರುತ್ತದೆ. ಕಥೋಲಿಕ ಸಹೋದರರು ಪ್ರಭುಭೋಜನದ ರೊಟ್ಟಿಯನ್ನು ‘ಪರಮಪ್ರಸಾದ’ವೆಂದು ಕರೆದಿರುವುದು ಈ ದೃಷ್ಟಿಯಿಂದ ಕನ್ನಡ ದೈವಶಾಸ್ತ್ರದ ಒಂದು ದೊಡ್ಡ ಲಾಭ. ತಂದ ರೊಟ್ಟಿಯೇ ಬೇರೆಯಾಗಿ ಕೈಗೆ ಮರಳುತ್ತದೆಂಬುದನ್ನು ಆ ಒಂದು ಪದ ಹೇಳುತ್ತದೆ. ಪ್ರೊಟೆಸ್ಟಂಟ್ ಸಭೆಗಳು ಆ ಪದದಿಂದ ದೂರ ಉಳಿದದ್ದಕ್ಕೆ ಕಾರಣಗಳಿವೆ. ಆದರೆ ಅದರ ಬದಲಿಗೆ ನಾವು ಏನನ್ನು ಇಟ್ಟುಕೊಂಡೆವು ಎಂದು ಕೇಳಿದರೆ ಒಳ್ಳೆಯ ಉತ್ತರವಿಲ್ಲ. ನಮ್ಮ ಕಾಣಿಕೆ ಮುಂದಕ್ಕೆ ಹೋಗುತ್ತದೆ, ಖಜಾಂಚಿಯವರ ಕೈಸೇರುತ್ತದೆ, ಅಲ್ಲಿಗೆ ಮುಗಿಯುತ್ತದೆ.

ಸುಗ್ಗಿಹಬ್ಬದ ಹರಾಜು ಇದಕ್ಕೊಂದು ನಿದರ್ಶನ. ರಾಗಿ, ಕುಂಬಳಕಾಯಿ, ಬಾಳೆಗೊನೆ, ಕೋಳಿ ಎಂದು ಜನರು ತಂದ ಪ್ರಥಮಫಲವನ್ನು ಆರಾಧನೆಯ ನಂತರ ಅಂಗಳದಲ್ಲಿ ಕೂಗಿ ಮಾರುವ ಪದ್ಧತಿ ನಮ್ಮ ಅನೇಕ ಸಭೆಗಳಲ್ಲಿದೆ. ಅದರಲ್ಲಿ ನಗು ಇದೆ, ಉತ್ಸಾಹವಿದೆ, ಸಭೆಯ ಖರ್ಚಿಗೆ ಹಣವೂ ಬರುತ್ತದೆ. ಕೆಲವರು ಕೊಂಡದ್ದನ್ನೇ ಮತ್ತೆ ಹರಾಜಿಗೆ ಬಿಡುವ ಔದಾರ್ಯವನ್ನೂ ಬಲ್ಲೆವು. ಹರಾಜೇ ಪಾಪವೆಂದು ನಾವು ಹೇಳುತ್ತಿಲ್ಲ. ಆದರೆ ಧರ್ಮೋಪದೇಶಕಾಂಡ 26ರಲ್ಲಿ ಪ್ರಥಮಫಲದ ಪುಟ್ಟಿಯನ್ನು ಯಜ್ಞವೇದಿಯ ಮುಂದಿಟ್ಟ ಮೇಲೆ, ಲೇವಿಯೂ ಪರದೇಶಿಯೂ ಅವನೊಡನೆ ಕೂಡಿ ಸಂತೋಷಪಡಬೇಕೆಂದಿದೆ. ಭೂಮಿಯಿಲ್ಲದ ಇಬ್ಬರು ಅವರು. ಕುಂಬಳಕಾಯಿಯನ್ನು ತಂದ ಕೂಲಿ ಹೆಂಗಸು ಅದು ಸಾವಿರ ರೂಪಾಯಿಗೆ ಹೋಗುವುದನ್ನು ದೂರ ನಿಂತು ನೋಡುತ್ತಾಳೆ. ಚಪ್ಪಾಳೆ ಬೀಳುವುದು ಕೊಂಡವರಿಗೆ. ತಂದವಳ ಹೆಸರನ್ನು ಯಾರೂ ಕೂಗುವುದಿಲ್ಲ, ಕೂಗಬೇಕೆಂದೂ ಅವಳು ಬಯಸಿರಲಿಕ್ಕಿಲ್ಲ. ಹರಾಜಾಗುವ ಮೊದಲು ಒಂದು ಪಾಲನ್ನು ಅಲ್ಲೇ ಅಡಿಗೆಮಾಡಿ, ತಂದವರೂ ತರಲಾರದವರೂ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವ ಏರ್ಪಾಡು ಮಾಡಲು ಯಾವ ಸಿನೋಡಿನ ಅಪ್ಪಣೆಯೂ ಬೇಕಾಗಿಲ್ಲ.

ಕೊಟ್ಟವರ ಹೆಸರನ್ನೂ ಮೊತ್ತವನ್ನೂ ಓದುವ ರೂಢಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಲೆಕ್ಕದ ಪಾರದರ್ಶಕತೆಗೆ ರಸೀದಿಯೂ ಲೆಕ್ಕಪರಿಶೋಧನೆಯೂ ಸಾಕು. ಓದುವ ಪಟ್ಟಿಯಲ್ಲಿ ಕಾಣಿಸಿಕೊಳ್ಳುವುದೇ ಕಾಣಿಕೆಯ ಫಲವಾದರೆ ಅದು ಅಂದಿನ ಕಪ್ಪಕ್ಕಿಂತ ಬೇರೆಯಲ್ಲ. ಅರಸನ ಸ್ಥಾನದಲ್ಲಿ ಸಭೆ ಕುಳಿತಿದೆ, ಅಷ್ಟೇ ವ್ಯತ್ಯಾಸ.

ಆರಾಧನಾಕ್ರಮದ ವಿಷಯವೊಂದು ಉಳಿದಿದೆ. ಮತ್ತಾಯ 5:23-24ರ ಪ್ರಕಾರ, ಯಜ್ಞವೇದಿಯ ಬಳಿ ತಂದ ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಹೋಗಿ, ಮನಸ್ತಾಪವಿರುವ ಸಹೋದರನೊಂದಿಗೆ ರಾಜಿಮಾಡಿಕೊಂಡು ಬಂದು, ಆಮೇಲೆ ಅರ್ಪಿಸಬೇಕು. ಈ ಮಾತನ್ನು ಕೇಳಿಸಿಕೊಂಡವರು ಗಲಿಲಾಯದವರು, ವೇದಿಯಿದ್ದದ್ದು ಯೆರೂಸಲೇಮಿನಲ್ಲಿ. ಹೋಗಿಬರುವುದಕ್ಕೆ ದಿನಗಳೇ ಬೇಕು. ಅಷ್ಟು ಕಾಲವೂ ಕಾಣಿಕೆ ವೇದಿಯ ಮುಂದೆ ಕಾಯುತ್ತಿರುತ್ತದೆ, ಯಾಜಕನೂ ಅದರೊಡನೆ ಕಾಯುತ್ತಿರುತ್ತಾನೆ. ದಕ್ಷಿಣ ಭಾರತ ಸಭೆಯ ಪ್ರಭುಭೋಜನದ ಕ್ರಮದಲ್ಲಿ ಸಮಾಧಾನದ ಹಸ್ತವನ್ನು ಕಾಣಿಕೆಗೆ ಮೊದಲೇ ಇಟ್ಟಿರುವುದು ಈ ವಾಕ್ಯದ ಗೌರವಾರ್ಥ. ರೋಮನ್ ಕ್ರಮದಲ್ಲಿ ಅದು ಪ್ರಭುವಿನ ಪ್ರಾರ್ಥನೆಯ ನಂತರ ಬರುತ್ತದೆ. ಎರಡರಲ್ಲೂ ನಾವು ಕೈಕೊಡುವುದು ಪಕ್ಕದಲ್ಲಿ ಕುಳಿತವರಿಗೆ. ಹೊಲದ ಬದುವಿಗಾಗಿ ಮಾತುಬಿಟ್ಟ ಅಣ್ಣ ಆ ಹೊತ್ತಿಗೆ ನಾಗಮಂಗಲದ ಕಡೆಯ ತನ್ನ ಮನೆಯಲ್ಲಿರುತ್ತಾನೆ. ಸಭಿಕರಲ್ಲಿ ಒಬ್ಬರು ಆ ಕ್ಷಣದಲ್ಲಿ ಎದ್ದು, ಕಾಣಿಕೆಯ ಲಕೋಟೆಯನ್ನು ಮುಂದಿಟ್ಟು, ಸೀದಾ ಹೊರಗೆ ನಡೆದು ನಾಗಮಂಗಲದ ಬಸ್ಸು ಹತ್ತಿದರೆ, ಆ ಲಕೋಟೆಯನ್ನು ಅಂದಿನ ಮೊತ್ತಕ್ಕೆ ಸೇರಿಸಿ ಎಣಿಸಬೇಕೇ, ಅವರು ಬರುವವರೆಗೆ ವೇದಿಯ ಮೇಲೆಯೇ ಇರಿಸಬೇಕೇ ಎಂಬುದಕ್ಕೆ ನಮ್ಮ ಎರಡೂ ಕ್ರಮಗಳಲ್ಲಿ ಸೂಚನೆಯಿಲ್ಲ.